ತಾತನ ಎಡೆಗೆ ಸ್ಕಾಟ್ಲೆಂಡಿನ ಬಾಟಲಿ

ಸಿಂಚನಾ, ಲೋಹಿತಾ,

ನಾನು ಸ್ಕಾಟ್ಲೆಂಡಿಗೆ ಹೋಗಿ ಬಂದ ಮೇಲೆ "ಅಲ್ಲೇನು ನೋಡಿದೆ ಅಜ್ಜಿ" ಎಂದು ನೀವಿಬ್ಬರೂ ಎಷ್ಟೋ ಸಲ ಕೇಳಿದಿರಿ. "ಚಳಿ ಕಣ್ರಪ್ಪ, ಬರೀ ಚಳಿ" ಎಂದು ಹೇಳಿ ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ನಾಲ್ಕು ಜನ ಕೂತು ನನ್ನ ಮುಖ ನೋಡಿದರೆ ನನಗೆ ಮಾತು ಹೊರಡುವುದಿಲ್ಲ. ಬೈರಾಪಟ್ಟಣದ ಶಾಲೆಯಲ್ಲಿ ಓದುವಾಗಲೂ ಹಾಗೇ ಇದ್ದೆ. ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ ಪಾಠ ಒಪ್ಪಿಸು ಎಂದರೆ ಅಳು ಬರುತ್ತಿತ್ತು. ಬರೆದು ತೋರಿಸು ಎಂದರೆ ಒಂದೂ ತಪ್ಪಿಲ್ಲದೆ ಬರೆಯುತ್ತಿದ್ದೆ. ಹಾಗಾಗಿ ಇದನ್ನೂ ಬರೆದೇ ತೋರಿಸುತ್ತಿದ್ದೇನೆ.

ದೇವನಹಳ್ಳಿಯ ವಿಮಾನದ ನಿಲ್ದಾಣ

ನಿಮ್ಮ ಶೋಭತ್ತೆ ಅಲ್ಲಿ ಆಸ್ಪತ್ರೆಯಲ್ಲಿ ನರ್ಸು. ಅವಳ ಬಾಣಂತನಕ್ಕೆಂದು ನಾನು ಹೊರಟೆ. ದೊಡ್ಡ ಪೆಟ್ಟಿಗೆಯಲ್ಲಿ ರಾಗಿಹಿಟ್ಟು, ಹುರುಳಿಕಾಳು, ಮೊಳಕೆ ಕಟ್ಟಿ ಹುರಿದ ರಾಗಿ, ಸಾಂಬ್ರಾಣಿ ಇದ್ದವು. ಕೈಚೀಲದಲ್ಲಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ಒಂದು ಕ್ವಾರ್ಟರ್ ಬ್ರಾಂದಿ ಇಟ್ಟುಕೊಂಡಿದ್ದೆ. ಪೆಟ್ಟಿಗೆಯಲ್ಲಿಟ್ಟರೆ ಎಸೆದಾಡಿ ಒಡೆದುಹಾಕುತ್ತಾರೆಂದು ಭಯ.

ಬ್ರಾಂದಿ ಯಾಕೆಂದು ನಿಮಗೆ ಗೊತ್ತು. ಮಹಾಲಯ ಅಮಾವಾಸ್ಯೆ ನಾನು ಅಲ್ಲಿರುವಾಗಲೇ ಬರುತ್ತಿತ್ತು. ನಿಮ್ಮ ತಾತನಿಗೆ ಎಡೆ ಇಡಬೇಕಲ್ಲ. ಇದ್ದಾಗ ಅವರು ದಿನಾ ಕುಡಿಯುವವರಲ್ಲ. ರಾಮನಗರದ ಮಾರ್ಕೆಟ್ಟಿನಲ್ಲಿ ರೇಷ್ಮೆಗೂಡು ಮಾರಿದ ದಿನ ಒಂದು ಕ್ವಾರ್ಟರ್ ತಂದು, ಜೊತೆಗೆ ಯಾರನ್ನಾದರೂ ಕರೆದು, ಬೆರಳದ್ದಿ ಒಂದು ಹನಿ ನೆಲಕ್ಕೆ ಚಿಮುಕಿಸಿ ಆಮೇಲೆ ಕುಡಿಯುವರು. ಒಬ್ಬರೇ ಕೂತು ಕುಡಿದದ್ದನ್ನು ನಾನು ನೋಡಿಲ್ಲ. ಒಬ್ಬರೇ ಉಂಡದ್ದನ್ನೂ ನೋಡಿಲ್ಲ.

ತಪಾಸಣೆಯ ಹುಡುಗಿ ನನ್ನ ಚೀಲ ಬಿಚ್ಚಿ ಆ ಬಟ್ಟೆ ಸುರುಳಿಯನ್ನು ಎಲ್ಲರೆದುರು ಬಿಡಿಸಿದಳು. ಹಿಂದೆ ಸಾಲಿನಲ್ಲಿದ್ದವರು ಬಗ್ಗಿ ನೋಡಿದರು.

"ಅಜ್ಜಿ, ಇದನ್ನ ಕೈಚೀಲದಲ್ಲಿ ತಗೊಂಡೋಗಂಗಿಲ್ಲ."

"ನನಗಲ್ಲ ಕಣಮ್ಮ."

"ಮತ್ಯಾರಿಗೆ?"

"ನಮ್ಮ ಯಜಮಾನರಿಗೆ."

"ಎಲ್ಲವರೆ ಅವರು? ಕರೀರಿ ಇಲ್ಲಿಗೆ."

ನಾನು ತಲೆ ತಗ್ಗಿಸಿ ನಿಂತೆ. ಹುಡುಗಿ ಬಾಟಲಿಯನ್ನು ಪಕ್ಕದ ಡಬ್ಬಕ್ಕೆ ಹಾಕಿದಳು. ಅದು ಒಳಗೆ ಬಿದ್ದ ಸದ್ದು ವಿಮಾನ ಮೇಲೆದ್ದ ಮೇಲೂ ನನ್ನ ಕಿವಿಯಲ್ಲಿತ್ತು.

ಎಲ್ಲವರೆ ಅವರು ಎಂದು ಅವಳು ಕೇಳಿದ್ದು ಏನೂ ಗೊತ್ತಿಲ್ಲದೆ. ಆದರೆ ನನ್ನ ಎದೆಯಲ್ಲಿ ಅಷ್ಟು ವರ್ಷದಿಂದ ಇದ್ದದ್ದೂ ಅದೇ. ನಿಮ್ಮ ತಾತ ಎದೆನೋವಿನಿಂದ ಹೋದಾಗ ಸಿಂಚನ ತೊಟ್ಟಿಲಲ್ಲಿದ್ದಳು, ಲೋಹಿತ ಹುಟ್ಟಿರಲಿಲ್ಲ. ಬಿಡದಿ ಕಡೆಯ ನಮ್ಮ ಹಿಪ್ಪುನೇರಳೆ ತೋಟದ ಮೂಲೆಯಲ್ಲೇ ಅವರನ್ನು ಮಣ್ಣು ಮಾಡಿದೆವು. ತಲೆಯ ಕಡೆ ಒಂದು ಚಪ್ಪಡಿ ಕಲ್ಲು ನೆಟ್ಟಿದ್ದೆವು. ಸೊಪ್ಪು ಕೊಯ್ಯಲು ಹೋದಾಗ ನಾನು ಆ ಕಲ್ಲಿನ ಪಕ್ಕ ಕೂತೇ ಬುತ್ತಿ ಬಿಚ್ಚುತ್ತಿದ್ದೆ. ಆಮೇಲೆ ಆ ಸುತ್ತಿನ ಭೂಮಿಯೆಲ್ಲ ಕಾರ್ಖಾನೆಗೆ ಹೋಯಿತು. ಯಂತ್ರ ಬಂದು ತೋಟ, ಬದು, ಕಲ್ಲು ಎಲ್ಲವನ್ನೂ ಒಂದೇ ಸಮ ಮಾಡಿತು. ಸುತ್ತ ಆಳೆತ್ತರದ ಗೋಡೆ ಎದ್ದಿತು. ಮೊದಲ ಅಮಾವಾಸ್ಯೆಗೆ ನಾನು ಎಡೆಯ ಬುಟ್ಟಿ ಹೊತ್ತು ಗೇಟಿಗೆ ಹೋದೆ. ಒಳಗೆ ಬಿಡಲಿಲ್ಲ. ಬಿಟ್ಟರೂ ಎಲ್ಲಿಗೆ ಹೋಗುವುದು? ಒಬ್ಬರು ದೊಡ್ಡ ಶೆಡ್ಡಿನ ಕೆಳಗಿರಬೇಕು ಎಂದರು. ಇನ್ನೊಬ್ಬರು ಲಾರಿ ನಿಲ್ಲುವ ಜಾಗ ಎಂದರು. ಲಾರಿ ಎಂದ ಮಾತು ಕೇಳಿದ ದಿನದಿಂದ ರಸ್ತೆಯಲ್ಲಿ ಲೋಡಿನ ಲಾರಿ ಹೋದರೆ ಅದು ಅವರ ಎದೆಯ ಮೇಲೇ ಹೋದ ಹಾಗಾಗುತ್ತಿತ್ತು.

ಚನ್ನಪಟ್ಟಣದ ಬಾಡಿಗೆ ಮನೆಯಲ್ಲಿ ನಿಮ್ಮಪ್ಪ ಪ್ರತಿ ವರ್ಷ ಎಡೆ ಇಟ್ಟಾಗಲೂ, ಮೂರನೇ ಮಹಡಿಯ ಈ ಮನೆ ಅವರಿಗೆ ಹೇಗೆ ಗೊತ್ತಾಗಬೇಕು, ಅವರು ಎಲ್ಲಿಂದ ಹೊರಟು ಬರಬೇಕು ಎಂದೇ ಯೋಚಿಸುತ್ತಿದ್ದೆ.

ಶೋಭಳ ಮನೆ

ಸಮುದ್ರದ ಪಕ್ಕದ ಸಣ್ಣ ಊರು. ಕಲ್ಲಿನ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಆದರೂ ಪಕ್ಕದ ಮನೆಯ ಸದ್ದು ಕೇಳುವುದಿಲ್ಲ. ಜಗಲಿ ಇಲ್ಲ. ಬಾಗಿಲು ಸದಾ ಮುಚ್ಚಿರುತ್ತದೆ. ಮೊದಲ ವಾರ ನಾನು ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಬಿಸಿಲಿಲ್ಲದೆ ನೀರು ಆರದೆ, ನುಣುಪು ಕಲ್ಲಿನ ಮೇಲೆ ಅಂಚೆಯವನು ಕಾಲು ಜಾರಿ ಗೋಡೆ ಹಿಡಿದುಕೊಂಡ. ಆಮೇಲೆ ಶೋಭ ನನ್ನ ಕೈಯಿಂದ ಚೊಂಬು ಕಿತ್ತಿಟ್ಟಳು.

ಅಲ್ಲಿನವರು ದಾರಿಯಲ್ಲಿ ಕಂಡರೆ ಊಟ ಆಯ್ತಾ ಎಂದು ಕೇಳುವುದಿಲ್ಲ. ಆಕಾಶದ ಬಗ್ಗೆ ಏನಾದರೂ ಹೇಳುತ್ತಾರೆ. ನಾನು ತಲೆಯಾಡಿಸುತ್ತಿದ್ದೆ. ಮಾತು ಬಾರದವಳಿಗೆ ಅದು ಒಳ್ಳೆಯ ಊರು.

ಮನೆಯ ಮಾಲೀಕ ಪಕ್ಕದಲ್ಲೇ ಇದ್ದ. ಹೆಸರು ಡಂಕನ್. ವಯಸ್ಸಾದವನು, ಹಿಂದೆ ದೋಣಿಯಲ್ಲಿ ಮೀನು ಹಿಡಿಯುತ್ತಿದ್ದನಂತೆ. ಶೋಭ ಮಗು ಎತ್ತಿಕೊಂಡು ಆಸ್ಪತ್ರೆಯಿಂದ ಬಂದ ದಿನ ಅವನು ಟೋಪಿ ಕೈಯಲ್ಲಿ ಹಿಡಿದು ಬಂದ. ಮಗುವಿನ ಮುಷ್ಟಿಯೊಳಗೆ ಒಂದು ಬೆಳ್ಳಿ ನಾಣ್ಯ ಇಟ್ಟ. ನಮ್ಮಲ್ಲೂ ಮೊದಲು ನೋಡಲು ಬಂದವರು ಮಗುವಿನ ಕೈಗೆ ದುಡ್ಡು ಇಡುತ್ತಾರಲ್ಲ, ಅದನ್ನು ಕಂಡು ನನಗೆ ಅವನ ಮೇಲಿನ ಹೆದರಿಕೆ ಹೋಯಿತು. ಆಮೇಲೆ ಕಂಕುಳಿಂದ ಒಂದು ಉದ್ದನೆಯ ದುಂಡು ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಬಿಸಿನೀರಿನ ಫ್ಲಾಸ್ಕ್ ಎಂದುಕೊಂಡೆ.

"ವಿಸ್ಕಿ ಕಣವ್ವ," ಎಂದಳು ಶೋಭ. "ಮಗು ಹುಟ್ಟಿದ್ರೆ ಇಲ್ಲಿ ಇದನ್ನ ಹಂಚ್ಕೊಂಡು ಕುಡೀತಾರೆ. ಸಿಂಗಲ್ ಮಾಲ್ಟು. ಒಳ್ಳೇದು ಇದು."

ನಿಮ್ಮ ಮಾವ ರಮೇಶ ಕುಡಿಯುವವನಲ್ಲ. ಅವನು ನಕ್ಕು ಕೈಮುಗಿದ. ಡಂಕನ್ನೂ ಬೇಜಾರು ಮಾಡಿಕೊಳ್ಳದೆ, ಇರಲಿ, ಯಾವಾಗ ಬೇಕಾದರೂ ತೆಗೆಯಿರಿ ಎಂದು ಹೋದ. ಬಾಟಲಿ ಡಬ್ಬಿಯೊಳಗೇ ಕಿಟಕಿಯ ಮೇಲೆ ಕೂತಿತು. ನಾನು ಅದರ ಕಡೆ ನೋಡುತ್ತ ಅಮಾವಾಸ್ಯೆಗೆ ಕಾದೆ.

ಎಡೆಯ ದಿನ

ಪುರುಡು ಕಳೆದು ಬಹಳ ದಿನವಾಗಿತ್ತು, ಅದಕ್ಕೆ ಅಡ್ಡಿ ಇರಲಿಲ್ಲ. ಮಗಳ ಮನೆಯಲ್ಲಿ ಎಡೆ ಇಡಬಹುದೋ ಇಲ್ಲವೋ ಎಂಬುದೇ ನನ್ನ ಅಳುಕು. ಶೋಭ ಅಂದಳು: "ಅಪ್ಪ ನನ್ನ ಮನೆಗೆ ಬಂದ್ರೆ ಬ್ಯಾಡ ಅಂತೀನಾ? ಇಡವ್ವ."

ಬಾಡಿನ ಸಾರು, ಮುದ್ದೆ, ಉದ್ದಿನ ವಡೆ, ಕಜ್ಜಾಯ. ಬಾಳೆಎಲೆ ಸಿಗಲಿಲ್ಲ, ಸ್ಟೀಲ್ ತಟ್ಟೆಯಲ್ಲೇ ಬಡಿಸಿದೆ. ನಿಮ್ಮ ತಾತನ ಫೋಟೋ ಇಟ್ಟು, ದೀಪ ಹಚ್ಚಿ, ಹೊಸ ಪಂಚೆ ಮಡಚಿಟ್ಟೆ. ಬಾಟಲಿ ತೆಗೆಯಲು ಹೋದರೆ ತಿರುಗಿಸುವ ಮುಚ್ಚಳ ಇಲ್ಲ, ಬೆಂಡಿನ ಬಿರಡೆ. ಹಲ್ಲಿನಿಂದ ಕಚ್ಚಿ ಎಳೆದೆ. ಸ್ಟೀಲ್ ಲೋಟಕ್ಕೆ ಅರ್ಧ ಸುರಿದೆ. ನಿಮ್ಮ ತಾತ ಬ್ರಾಂದಿಗೆ ಯಾವಾಗಲೂ ಬಣ್ಣದ ಸೋಡಾ ಬೆರೆಸುತ್ತಿದ್ದರು. ಅದಕ್ಕೆಂದೇ ಅಂಗಡಿಯಿಂದ ಕಿತ್ತಳೆ ಬಣ್ಣದ ಸೋಡಾ ತರಿಸಿಟ್ಟಿದ್ದೆ. ಉಳಿದರ್ಧ ಲೋಟಕ್ಕೆ ಅದನ್ನು ತುಂಬಿದೆ. ಪಕ್ಕದಲ್ಲಿ ಉಪ್ಪಿನಕಾಯಿ ಇಟ್ಟೆ.

ಸಾಂಬ್ರಾಣಿ ಹೊಗೆ ಹಾಕಿ, ಅವರು ಉಣ್ಣಲಿ ಎಂದು ನಾವು ಹೊರಗೆ ಬಂದೆವು. ಶೋಭ ಕಂಬಳಿಯಲ್ಲಿ ಮಗು ಸುತ್ತಿ ಮುಂದೆ ನಡೆದಳು, ನಾನು ಹಿಂದಿನಿಂದ ಬಾಗಿಲು ಎಳೆದುಕೊಂಡೆ. ಟಕ್ ಎಂದಿತು.

"ಅಯ್ಯೋ ಅವ್ವಾ! ಪೂರ್ತಿ ಹಾಕ್ಬುಟ್ಟಾ?"

"ಹಾಕ್ದೆ ಇನ್ನೇನು? ಬಾಗ್ಲು ತೆಗ್ದಿಟ್ರೆ ಅವರು ಕೂತ್ಕೊತಾರಾ?"

"ಅದು ತಾನೇ ಬೀಗ ಬೀಳ್ತದೆ ಕಣವ್ವ. ಬೀಗದ ಕೈ ಒಳಗೈತೆ!"

ಅವಳ ಕಾಲಲ್ಲಿ ಬರೀ ಕಾಲುಚೀಲ. ನನ್ನ ಮೈಮೇಲೆ ಸ್ವೆಟರ್ ಇಲ್ಲ. ಅಷ್ಟರಲ್ಲಿ ಒಳಗಿನಿಂದ ಕಿವಿ ಹರಿಯುವ ಕೂಗು ಶುರುವಾಯಿತು. ಆ ದೇಶದಲ್ಲಿ ಸೂರಿನಲ್ಲಿ ಒಂದು ಬಿಲ್ಲೆ ಅಂಟಿಸಿರುತ್ತಾರೆ, ಹೊಗೆ ಕಂಡರೆ ಅರಚುತ್ತದೆ. ಸಾಂಬ್ರಾಣಿಗೂ ಬೆಂಕಿಗೂ ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ. ಮಗು ಅಳತೊಡಗಿತು. ಎದುರು ಮನೆಯ ಕಿಟಕಿ ತೆರೆಯಿತು.

ಡಂಕನ್ ಓಡಿ ಬಂದ. ಮಾಲೀಕನಲ್ಲವೇ, ಅವನ ಕೈಯಲ್ಲಿ ಇನ್ನೊಂದು ಬೀಗದ ಕೈ ಇತ್ತು. ಬಾಗಿಲಿಗೆ ಹಾಕಲು ಹೋದ. ನನಗೆ ಏನಾಯಿತೋ ಗೊತ್ತಿಲ್ಲ, ಗಂಡಸರೆದುರು ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ನಿಲ್ಲುವ ನಾನು, ಅವನ ಮುಂದೆ ಹೋಗಿ ಬಾಗಿಲಿಗೆ ಅಡ್ಡ ನಿಂತೆ. ನನಗೆ ಬರುತ್ತಿದ್ದ ನಾಲ್ಕು ಇಂಗ್ಲಿಷ್ ಮಾತು ಜೋಡಿಸಿ, ನನ್ನ ಗಂಡ ಒಳಗೆ ಊಟ ಮಾಡುತ್ತಿದ್ದಾರೆ ಎಂದೆ.

ಅವನ ಮುಖ ಬಿಳಿಚಿಕೊಂಡಿತು. ಒಳಗೆ ಒಬ್ಬ ಮನುಷ್ಯ ಹೊಗೆಯಲ್ಲಿ ಸಿಕ್ಕಿದ್ದಾನೆಂದು ನನ್ನನ್ನು ಸರಿಸಿ ಇನ್ನೂ ಜೋರಾಗಿ ನುಗ್ಗಿದ. ಶೋಭ ಅಳುವುದೋ ನಗುವುದೋ ತಿಳಿಯದೆ ಅವನ ತೋಳು ಹಿಡಿದು ಎಲ್ಲ ಹೇಳಿದಳು. ಅಪ್ಪ ಸತ್ತಿದ್ದಾರೆ, ಇವತ್ತು ಅವರು ಬರುವ ದಿನ, ಅವರು ಉಣ್ಣುವವರೆಗೆ ನಾವು ಒಳಗೆ ಹೋಗಬಾರದು.

ಡಂಕನ್ ಕಿಟಕಿಗೆ ಮುಖ ಒತ್ತಿ ಒಳಗೆ ನೋಡಿದ. ಫೋಟೋ, ದೀಪ, ತಟ್ಟೆ, ಲೋಟ. ಬೆಂಕಿ ಇಲ್ಲವೆಂದು ಖಾತ್ರಿ ಮಾಡಿಕೊಂಡ. ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ. ತಲೆಯ ಟೋಪಿ ತೆಗೆದು ನನ್ನ ಪಕ್ಕ ನಿಂತ. ತನ್ನ ಕೋಟು ಬಿಚ್ಚಿ ಶೋಭಳ ಹೆಗಲಿಗೆ ಹಾಕಿದ. ಆಮೇಲೆ ಆ ಕೂಗಿನ ನಡುವೆ ಏನೋ ಕೇಳಿದ.

"ಅಪ್ಪಂಗೆ ಊಟಕ್ಕೆ ಎಷ್ಟೊತ್ತು ಬೇಕು ಅಂತ ಕೇಳ್ತಾವ್ನೆ ಕಣವ್ವ."

"ನಿಧಾನಕ್ಕೆ ಉಣ್ಣೋರು ಅಂತ ಹೇಳು," ಎಂದೆ.

ಅವನು ತಲೆಯಾಡಿಸಿ, ಎದುರು ಕಿಟಕಿಯವರಿಗೆ ಕೈ ತೋರಿಸಿ ಸುಮ್ಮನಿರಿ ಎಂದ. ಒಂದಷ್ಟು ಹೊತ್ತಿಗೆ ಹೊಗೆ ಕರಗಿ ಆ ಬಿಲ್ಲೆ ತಾನೇ ಬಾಯಿ ಮುಚ್ಚಿತು. ಆಮೇಲೂ ಅವನು ನನ್ನ ಮುಖ ನೋಡುತ್ತ ಕಾದ. ನಾನು ಹೂಂ ಅಂದ ಮೇಲೆ, ನಾನು ತೋರಿಸಿದ ಹಾಗೆ ಮೂರು ಸಲ ಬಾಗಿಲು ತಟ್ಟಿ, ಬೀಗ ತೆಗೆದ.

ಒಳಗೆ ಹೋಗಿ ನಾನು ಮೊದಲು ನೋಡಿದ್ದು ಲೋಟವನ್ನು. ಸುರಿದಷ್ಟೇ ಇತ್ತು. ಮುದ್ದೆಯ ಮೇಲೆ ಬೆರಳು ಮುಟ್ಟಿದ ಒಂದು ಗೆರೆಯೂ ಇಲ್ಲ. ಊರಲ್ಲಿ ನಿಮ್ಮ ತಾತ ತಮ್ಮ ಅಪ್ಪನ ಎಡೆಯ ಲೋಟ ನೋಡಿ, "ನೋಡೇ, ಅಪ್ಪ ಒಸಿ ಇಳಿಸವ್ನೆ" ಎಂದು ಪ್ರತಿ ವರ್ಷ ನಗುತ್ತಿದ್ದರು. ಇಳಿದಿರುತ್ತಿತ್ತೋ ಇಲ್ಲವೋ, ಅವರಿಗೆ ಹಾಗೆ ಕಾಣುತ್ತಿತ್ತು. ನನಗೆ ಕಾಣಲಿಲ್ಲ. ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ.

"ಅವರಿಗೆ ದಾರಿ ಗೊತ್ತಾಗಿಲ್ಲ ಕಣೇ. ಮಲಗಿರೋ ಜಾಗವೇ ನಮಗೆ ಗೊತ್ತಿಲ್ಲ, ಅವರಿಗೆ ನಮ್ಮ ಜಾಗ ಹೆಂಗೆ ಗೊತ್ತಾದದು?"

ಡಂಕನ್ ಏನೆಂದು ಕೇಳಿದ. ಶೋಭ ತೋಟ, ಗೋಡೆ, ಲಾರಿ ಎಲ್ಲವನ್ನೂ ಹೇಳಿದಳು.

ಎಡೆಯದ್ದನ್ನು ಮನೆಯ ಗಂಡಸರು ಹಂಚಿಕೊಳ್ಳಬೇಕು. ರಮೇಶ ಡ್ಯೂಟಿಯಲ್ಲಿದ್ದ. ಇದ್ದ ಗಂಡಸು ಡಂಕನ್ ಒಬ್ಬನೇ. ಲೋಟವನ್ನು ಎರಡೂ ಕೈಯಲ್ಲಿ ಅವನಿಗೆ ಕೊಟ್ಟೆ. ಅವನು ಅದರ ಬಣ್ಣ ನೋಡಿದ. ಮೂಸಿದ. ನನ್ನ ಮುಖ ನೋಡಿದ. ಆಮೇಲೆ ಒಂದು ಹನಿ ಉಳಿಸದೆ ಕುಡಿದು, ಉಪ್ಪಿನಕಾಯಿಯನ್ನೂ ನಾಲಿಗೆಗೆ ಹಚ್ಚಿಕೊಂಡ. ಅಂಥ ವಿಸ್ಕಿಗೆ ಒಂದೆರಡು ಹನಿ ನೀರಲ್ಲದೆ ಬೇರೇನೂ ಬೆರೆಸುವುದಿಲ್ಲವೆಂದು, ಬಣ್ಣದ ಸೋಡಾ ಹಾಕಿದ್ದನ್ನು ಆ ಊರಿನವರು ಕಂಡರೆ ಎದೆ ಹಿಡಿದುಕೊಳ್ಳುತ್ತಾರೆಂದು ಶೋಭ ನನಗೆ ಹೇಳಿದ್ದು ಮಾರನೇ ದಿನ. ಅವನು ಮಾತ್ರ ಮುಖದಲ್ಲಿ ಏನೂ ತೋರಿಸಲಿಲ್ಲ.

ಆಮೇಲೆ ಅವನು ಎರಡು ಗಾಜಿನ ಲೋಟ ಕೇಳಿ, ಇಷ್ಟಿಷ್ಟೇ ಸುರಿದು, ಚಮಚದಿಂದ ನೀರು ತೊಟ್ಟಿಕ್ಕಿಸಿ, ಒಂದನ್ನು ನನ್ನ ಕಡೆ ಸರಿಸಿದ. ನಾನು ತಲೆ ಅಲ್ಲಾಡಿಸಿದೆ.

"ಕುಡಿಯವ್ವ," ಎಂದಳು ಶೋಭ. "ಅಪ್ಪ ಒಬ್ರೇ ಕುಡೀತಿರ್ಲಿಲ್ಲ ಅಂತೀಯಲ್ಲ."

ಬೆರಳದ್ದಿ ಒಂದು ಹನಿ ನೆಲಕ್ಕೆ ಚಿಮುಕಿಸಿ, ತುಟಿಗೆ ಹಚ್ಚಿದೆ. ಒದ್ದೆ ಸೌದೆಯ ಒಲೆ ಊದಿದಾಗ ಬಾಯೊಳಕ್ಕೆ ಹೋಗುವ ಹೊಗೆ ಇರುತ್ತದಲ್ಲ, ಹಾಗಿತ್ತು. ಅವನು ಹೇಳಿದ: ಜವೆಗೋಧಿಯನ್ನು ನೆನೆಸಿ, ಮೊಳಕೆ ಬರಿಸಿ, ಅದನ್ನು ಹೊಗೆಯಲ್ಲಿ ಒಣಗಿಸುತ್ತಾರೆ. ಹೊಗೆ ಸೌದೆಯದಲ್ಲ, ಮಣ್ಣಿನದು. ಜೌಗು ನೆಲದ ಮಣ್ಣನ್ನೇ ಇಟ್ಟಿಗೆಯ ಹಾಗೆ ಕೊಯ್ದು ಒಣಗಿಸಿ ಉರಿಸುತ್ತಾರೆ. ಮೊಳಕೆ ಕಟ್ಟಿ ಹುರಿಯುವುದನ್ನು ನಾನೂ ಮಾಡುತ್ತೇನಲ್ಲ, ಕೂಸುಗಳ ರಾಗಿ ಸರಿಗೆ! ಒಳಗಿನಿಂದ ಡಬ್ಬ ತಂದು ತೋರಿಸಿದೆ. ಅವನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣು ಅರಳಿಸಿದ.

ಮಣ್ಣಿನ ಹೊಗೆ ನನ್ನ ಗಂಟಲಲ್ಲಿ ಬಹಳ ಹೊತ್ತು ಉಳಿಯಿತು. ವಡೆ, ಮುದ್ದೆಯ ಒಂದು ಪಾಲನ್ನು ಕಾಗೆಗೆಂದು ಹೊರಗಿಟ್ಟೆ. ಕಾಗೆ ಬರಲಿಲ್ಲ. ಬಾತುಕೋಳಿಯಷ್ಟು ದೊಡ್ಡ ಬಿಳಿ ಕಡಲಹಕ್ಕಿ ಬಂದು ಎಲ್ಲವನ್ನೂ ಒಂದೇ ಸಲಕ್ಕೆ ನುಂಗಿತು.

ಸಮುದ್ರದ ದಡ

ಮುಂದಿನ ಭಾನುವಾರ ಡಂಕನ್ ನಮ್ಮನ್ನು ದಡಕ್ಕೆ ಕರೆದೊಯ್ದ. ಕೋಟಿನ ಜೇಬಿನಲ್ಲಿ ಚಪ್ಪಟೆ ತಗಡಿನ ಸೀಸೆ ಇತ್ತು. ಅವನ ತಮ್ಮ ಆ ನೀರಿನಲ್ಲೇ ಹೋದವನಂತೆ. ದೋಣಿ ಮಗುಚಿತು, ಇವನನ್ನು ಬೇರೆ ದೋಣಿಯವರು ಎತ್ತಿದರು, ತಮ್ಮ ಸಿಗಲಿಲ್ಲ. ಹೆಣವೂ ಸಿಗಲಿಲ್ಲ.

ಎಲ್ಲಿ ಎಂದು ನಾನು ಶೋಭಳ ಕೈಲಿ ಕೇಳಿಸಿದೆ. ಎಲ್ಲಿ ನೋಡಿದರೂ ಒಂದೇ ಥರ ನೀರು.

ಅವನು ನನ್ನನ್ನು ಹಳೆಯ ಕಟ್ಟೆಯ ಹತ್ತಿರ ನಿಲ್ಲಿಸಿ ಊರಿನ ಕಡೆ ನೋಡು ಎಂದ. ಚರ್ಚಿನ ಚೂಪು ಗೋಪುರ, ಅದರ ಹಿಂದೆ ಎರಡು ಗುಡ್ಡಗಳ ನಡುವಿನ ಕಣಿವೆ. ಒಂದೆರಡು ಹೆಜ್ಜೆ ಸರಿಸಿದ. ಗೋಪುರದ ತುದಿ ಸರಿಯಾಗಿ ಕಣಿವೆಯ ಮಧ್ಯಕ್ಕೆ ಬಂತು. ಈಗ ಬೆನ್ನು ತಿರುಗಿಸಿ ನೇರ ಸಮುದ್ರ ನೋಡು, ನನ್ನ ತಮ್ಮ ಈ ಗೆರೆಯ ಮೇಲಿದ್ದಾನೆ ಎಂದ. ಆಮೇಲೆ ದಡದಲ್ಲಿ ಬಹಳ ದೂರ ನಡೆಸಿ ಇನ್ನೊಂದು ಕಡೆ ನಿಲ್ಲಿಸಿದ. ಅಲ್ಲಿ ಒಂದು ಬಿಳಿ ಮನೆ ಒಂದು ಕರಿಬಂಡೆಯ ನೆತ್ತಿಯ ಮೇಲೆ ಕೂತ ಹಾಗೆ ಕಾಣುತ್ತಿತ್ತು. ಮತ್ತೆ ಬೆನ್ನು ತಿರುಗಿಸಿದೆವು. ಇದು ಇನ್ನೊಂದು ಗೆರೆ. ಎರಡು ಗೆರೆ ಎಲ್ಲಿ ಕೂಡುತ್ತವೋ ಅಲ್ಲಿ ಅವನು. ದೋಣಿ ಮಗುಚುವ ಮೊದಲು ಆ ನೀರಿನ ಮೇಲಿಂದ ಕಂಡದ್ದು ಇವೇ ಎರಡು ನೋಟ. ಅಲ್ಲಿನ ಮೀನುಗಾರರು ಬಲೆ ಬೀಸಿದ ಜಾಗವನ್ನು ಮತ್ತೆ ಹುಡುಕುವುದು ಹೀಗೆಯೇ ಅಂತೆ.

ಅವನು ಸೀಸೆ ತೆಗೆದು ಒಂದು ಧಾರೆ ನೀರಿಗೆ ಬಿಟ್ಟ. ತಾನೊಂದು ಗುಟುಕು ಕುಡಿದು ನನಗೂ ಕೊಟ್ಟ. ಗಂಡಸರ ಎಂಜಲು ಎಂದು ನಾನು ಹಿಂಜರಿಯಲಿಲ್ಲ. ಕುಡಿದೆ.

ಆಗ ನನ್ನ ಕಣ್ಣಿಗೆ ಸಮುದ್ರ ಕಾಣಲಿಲ್ಲ. ನಮ್ಮ ತೋಟದ ಮೂಲೆ ಕಂಡಿತು. ಕಲ್ಲಿನ ಪಕ್ಕ ಬುತ್ತಿ ಬಿಚ್ಚಿ ಕೂತಾಗ ನನ್ನ ಎದುರಿಗೆ ಏನಿತ್ತು? ದೂರದಲ್ಲಿ ಸಾವನದುರ್ಗದ ಬೋಳು ನೆತ್ತಿ. ಅದರ ಮೇಲೆ ಸರಿಯಾಗಿ, ಊರಿನ ನೀರಿನ ಟ್ಯಾಂಕು, ತಲೆಯ ಮೇಲೆ ಹೊತ್ತ ಕೊಡದ ಹಾಗೆ. ಎಡಕ್ಕೆ ಕತ್ತು ತಿರುಗಿಸಿದರೆ ಕೆರೆ ಏರಿಯ ಅರಳಿಮರ, ಅದರ ಬೆನ್ನಿಗೆ ಕಲ್ಲುಗುಡ್ಡದ ತುದಿ.

"ಶೋಭಾ, ನಂಗೆ ಗೊತ್ತು ಕಣೇ," ಎಂದೆ. ನಿಮ್ಮ ತಾತ ಮಲಗಿರುವ ಜಾಗಕ್ಕೆ ನನಗೂ ಎರಡು ಗೆರೆ ಸಿಕ್ಕಿದ್ದವು.

ಹೊರಡುವ ದಿನ ಡಂಕನ್ ಉಳಿದ ಬಾಟಲಿಯನ್ನು ಕಾಲುಚೀಲದೊಳಗೆ ತೂರಿಸಿ, ಡಬ್ಬಿಯಲ್ಲಿಟ್ಟು, ನನ್ನ ದೊಡ್ಡ ಪೆಟ್ಟಿಗೆಯ ಸ್ವೆಟರುಗಳ ನಡುವೆ ತಾನೇ ಇಟ್ಟ. ಕೈಚೀಲದಲ್ಲಿ ಬೇಡ ಎಂದು ಬೆರಳು ಅಲ್ಲಾಡಿಸಿದ. ಆ ಕಥೆ ಅವನಿಗೂ ಗೊತ್ತಾಗಿತ್ತು.

ನಮ್ಮೂರು

ಬಂದ ವಾರದಲ್ಲೇ ನಿಮ್ಮಪ್ಪನ ಗಾಡಿ ಹಿಂದೆ ಕೂತು ಬಿಡದಿ ಕಡೆ ಹೋದೆ. ಪಶ್ಚಿಮದ ಗೋಡೆಯ ಉದ್ದಕ್ಕೂ ಹೊರಗಿನಿಂದ ನಡೆಯುತ್ತ ಹೋದೆ, ಟ್ಯಾಂಕು ಸಾವನದುರ್ಗದ ನೆತ್ತಿಯ ಮೇಲೆ ಕೂರುವವರೆಗೆ. ಕೂತಿತು. ಬೆನ್ನು ತಿರುಗಿಸಿದೆ. ಗೋಡೆಯಾಚೆ ನೇರಕ್ಕೆ ನೀಲಿ ಶೀಟಿನ ಮಾಡು. ಆಮೇಲೆ ದಕ್ಷಿಣದ ಗೋಡೆ. ಕಲ್ಲುಗುಡ್ಡವನ್ನು ಅರ್ಧ ಒಡೆದು ಸಾಗಿಸಿದ್ದಾರೆ. ಆದರೆ ಅರಳಿಮರದ ಹಿಂದಿನ ತುದಿ ಇನ್ನೂ ಇತ್ತು. ಮರವೂ ತುದಿಯೂ ಒಂದಾದ ಕಡೆ ನಿಂತು ಬೆನ್ನು ತಿರುಗಿಸಿದೆ. ಅದೇ ನೀಲಿ ಮಾಡು.

ಗೇಟಿನ ಕಾವಲಿನವನು ಹತ್ತಿರ ಬಂದ. ಕುದೂರು ಕಡೆಯವನಂತೆ.

"ಏನವ್ವೋ, ಆಗಿಂದ ಗೋಡೆ ಸುತ್ತುತಾ ಇದ್ದೀಯ? ಜಮೀನು ಮತ್ತೆ ತಗಂಡು ಬ್ಯಾಸಾಯ ಮಾಡ್ಬೇಕಾ?"

"ಇಲ್ಲ ಕಣಪ್ಪ. ಆ ನೀಲಿ ಶೀಟಿಂದು ಏನು? ಲಾರಿ ನಿಲ್ಲೋ ಜಾಗವಾ?"

"ಲಾರಿ ಆ ಕಡೇಲಿ. ಅದು ಕ್ಯಾಂಟೀನು. ಮೂರು ಪಾಳಿಯೋರೂ ಅಲ್ಲೇ ಉಣ್ಣೋದು. ಇವತ್ತು ಮುದ್ದೆ, ಉಪ್ಸಾರು."

ನಾನು ಗೋಡೆಯ ಬುಡದಲ್ಲಿ ಕೂತುಬಿಟ್ಟೆ. ನಿಮ್ಮಪ್ಪ ಗಾಬರಿಯಾಗಿ ನೀರು ಕುಡಿಸಿದ. ಅವರ ಮೇಲೆ ಲಾರಿ ಇಲ್ಲ. ತಟ್ಟೆಗಳ ಸದ್ದಿದೆ. ಎಲ್ಲಿಂದಲೋ ಬಂದ ಹುಡುಗರು ಸಾಲಾಗಿ ಕೂತು ಉಣ್ಣುತ್ತಾರೆ. ಒಬ್ಬರೇ ಉಣ್ಣದ ಮನುಷ್ಯ. ಅಷ್ಟಾದರೂ ಆಯಿತು ಎಂದುಕೊಂಡೆ. ಅಷ್ಟೇ ಆಯಿತು ಎಂದೂ ಅಳು ಬಂತು. ಗೋಡೆ ಗೋಡೆಯೇ.

ಸೆರಗಿನಡಿಯಿಂದ ಬಾಟಲಿ ತೆಗೆದು ಲೋಟಕ್ಕೆ ಸುರಿದೆ. ಈ ಸಲ ಬಣ್ಣದ ಸೋಡಾ ಹಾಕಲಿಲ್ಲ. ಗೆರೆ ಗೋಡೆಗೆ ಮುಟ್ಟುವ ಕಡೆ ನೆಲಕ್ಕೆ ಬಿಟ್ಟೆ. ಮಣ್ಣು ಕುಡಿದುಕೊಂಡಿತು. ಕಾವಲಿನವನು ಮೂಗರಳಿಸಿದ.

"ಏನವ್ವ ಅದು ಘಮಲು? ಒಸಿ ನಂಗೂ ಬುಡು."

"ಡ್ಯೂಟಿ ಮುಗೀಲಿ ಅಣ್ಣೋ," ಎಂದ ನಿಮ್ಮಪ್ಪ. ಆದರೂ ಎಡೆಯದ್ದು ಕೇಳಿದವರಿಗೆ ಇಲ್ಲವೆನ್ನಬಾರದೆಂದು ನಾನು ಅವನ ನೀರಿನ ಲೋಟಕ್ಕೆ ಒಂದಿಷ್ಟು ಹಾಕಿಕೊಟ್ಟೆ. ಅವನು ಸಂಜೆಗೆಂದು ಮುಚ್ಚಿಟ್ಟುಕೊಂಡ.

ಮಕ್ಕಳೇ, ಕಲ್ಲುಗುಡ್ಡ ನೀವು ದೊಡ್ಡವರಾಗುವ ಹೊತ್ತಿಗೆ ಉಳಿಯುವುದಿಲ್ಲ. ಟ್ಯಾಂಕನ್ನೂ ಕೆಡವಬಹುದು. ಆ ಮೂಲೆಯಲ್ಲಿ ಕೂತು ಉಂಡವಳು ನಾನೊಬ್ಬಳೇ. ನನ್ನ ಕಣ್ಣು ಮುಚ್ಚಿದ ಮೇಲೆ ನಿಮ್ಮ ತಾತ ಎಲ್ಲವರೆ ಎಂದು ಯಾರಾದರೂ ಕೇಳಿದರೆ ಹೇಳಲು ಈ ಹಾಳೆಗಳೇ ಇರುವುದು. ಬೀರುವಿನಲ್ಲಿ ಆ ಉದ್ದನೆಯ ದುಂಡು ಡಬ್ಬಿ ಇದೆ. ಬಾಟಲಿ ಖಾಲಿಯಾಗುವವರೆಗೆ ವರ್ಷಕ್ಕೊಂದು ಗುಟುಕು ಗೋಡೆಯ ಬುಡಕ್ಕೆ ಬಿಡಿ. ಖಾಲಿಯಾದ ಮೇಲೆ ಈ ಹಾಳೆಗಳನ್ನು ಸುರುಳಿ ಸುತ್ತಿ ಅದೇ ಡಬ್ಬಿಯಲ್ಲಿಟ್ಟು, ಒದ್ದೆಯಾಗದ ಹಾಗೆ ಮುಚ್ಚಿ, ಜೋಪಾನ ಮಾಡಿ.